ಡಾಕ್ಟ್ರಮ್ಮನ ಜೀಪಿಗೊಂದು ಬ್ಯಾಟರಿ

ಗ್ಯಾರೇಜಿನ ಹಿಂಭಾಗದಲ್ಲಿ, ತಗಡಿನ ಮಾಡಿನ ಕೆಳಗೆ, ಬ್ಯಾಟರಿಗಳಿಗೆ ಚಾರ್ಜ್ ಕೊಡುವ ಉದ್ದನೆಯ ಕೋಣೆಯೊಂದಿದೆ. ಅದರ ಎರಡು ಕಿಟಕಿಗಳಿಗೂ ಬಾಗಿಲಿಲ್ಲ. ಚಾರ್ಜಿಗಿಟ್ಟ ಬ್ಯಾಟರಿ ಬಿಡುವ ಗಾಳಿ ಒಳಗೇ ನಿಲ್ಲಬಾರದೆಂದು, ಅದನ್ನು ಕಟ್ಟಿಸಿದ ಗ್ಯಾರೇಜಿನ ಯಜಮಾನರೇ ಬಾಗಿಲು ಬೇಡವೆಂದಿದ್ದರು. ಅವರಿಗೆ ಇಬ್ಬರು ಗಂಡುಮಕ್ಕಳು. ಇಬ್ಬರಿಗೂ ಬ್ಯಾಟರಿ ಕೆಲಸ ಕಲಿಸಲು ಹೋಗಿ ಸೋತು, ಕೊನೆಗೆ ಮನೆಗೆ ಹೊಸದಾಗಿ ಬಂದಿದ್ದ ಹಿರಿಯ ಸೊಸೆಯನ್ನು ಕರೆದರು.

“ಈ ಕೆಲಸಕ್ಕೆ ತೋಳಬಲ ಬೇಡಮ್ಮ, ಕಾಯೋ ಬುದ್ಧಿ ಬೇಕು. ನನ್ನ ಮಕ್ಕಳಿಗೆ ಅನ್ನ ಬೇಯೋವರೆಗೂ ಕಾಯೋಕೆ ಬರಲ್ಲ,” ಎಂದರು.

ಸೊಸೆಗೆ ಕಾಯುವುದು ಬರುತ್ತಿತ್ತು. ಗಾಜಿನ ಕೊಳವೆಯಲ್ಲಿ ಆಸಿಡ್ ಹೀರಿ, ಒಳಗಿನ ತೇಲುಗಡ್ಡಿ ಎಲ್ಲಿ ನಿಲ್ಲುತ್ತದೆಂದು ನೋಡಿ, ಬ್ಯಾಟರಿಯ ಯಾವ ಖಾನೆ ಗಟ್ಟಿ ಯಾವ ಖಾನೆ ಸೋತಿದೆ ಎಂದು ಹೇಳುವುದನ್ನು ಕಲಿತಳು. ತಂತಿ ಕಟ್ಟುವ ಟರ್ಮಿನಲ್ಲಿನ ಮೇಲೆ ಹೂವಿನಂತೆ ಬೆಳೆದ ಬಿಳಿ ಕಿಲುಬನ್ನು ಬಿಸಿನೀರು ಹೊಯ್ದು ತೊಳೆದು ಗ್ರೀಸ್ ಹಚ್ಚುವುದನ್ನು ಕಲಿತಳು. ಅಂಗಳದಲ್ಲಿ ಯಾರಾದರೂ ಸೆಲ್ಫ್ ಹೊಡೆದರೆ, ಹುರಿಕಡಲೆ ಆರಿಸುತ್ತ ಕೂತಲ್ಲಿಂದಲೇ, “ಬ್ಯಾಟರಿ ಸರಿಯಿದೆ, ಸೆಲ್ಫ್ ಮೋಟಾರು ಬಿಚ್ಚಿ,” ಎನ್ನುವಷ್ಟು ಅವಳ ಕಿವಿ ಹದವಾಯಿತು. ಮಾವ ತೀರಿಕೊಂಡ ಮೇಲೆ ಕೋಣೆ ಪೂರ್ತಿ ಅವಳದಾಯಿತು. ಲಾರಿಯವರು, ಟ್ರ್ಯಾಕ್ಟರಿನವರು, ಕಲ್ಲು ಕ್ವಾರಿಯವರು ಅವಳನ್ನು ಬ್ಯಾಟರಿ ಅಕ್ಕ ಎಂದು ಕರೆದರು. ಬರಬರುತ್ತ ಗಂಡನ ಬಾಯಲ್ಲೂ ಅದೇ ಬಂತು. ನಾವೂ ಅಕ್ಕ ಎಂದೇ ಅನ್ನೋಣ.

ಅಕ್ಕನಿಗೆ ಹೊಗಳುವ ಅಭ್ಯಾಸವಿರಲಿಲ್ಲ. ಕೆಲಸದಲ್ಲಿ ತಪ್ಪಿದ್ದರೆ ಹೇಳುತ್ತಿದ್ದಳು, ಸರಿಯಿದ್ದರೆ ಮುಂದಿನ ಕೆಲಸಕ್ಕೆ ಹೋಗುತ್ತಿದ್ದಳು. ಗ್ಯಾರೇಜಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಲೆಕ್ಕ. ಅಕ್ಕ ಏನೂ ಅನ್ನಲಿಲ್ಲ ಅಂದರೆ ಗಾಡಿ ಹೊರಡಬಹುದು. ಅವಳ ಮೈದುನ ಹೊಸಬರಿಗೆ ಇದನ್ನೇ ಹೇಳುತ್ತಿದ್ದ: “ನಮ್ಮತ್ತಿಗೆ ಬಾಯಿ ಬಿಟ್ರೆ ಕೆಲಸ ಕೆಟ್ಟಿದೆ ಅಂತ. ಸುಮ್ಮನಿದ್ರೆ ಮೆಡಲ್ ಕೊಟ್ಟ ಹಾಗೆ.”

ಆ ಮೈದುನ ತಡವಾಗಿ ಮದುವೆಯಾದ. ಬಂದ ಹುಡುಗಿ ನಗುನಗುತ್ತ ಸ್ಕೂಟರಿನಲ್ಲೇ ಗ್ಯಾರೇಜಿಗೆ ಬಂದಳು. ಬಂದ ಹೊಸದರಲ್ಲೇ, “ಅಕ್ಕಾ, ನನಗೂ ಕಲಿಸಿ. ಮನೇಲಿ ಕೂತ್ರೆ ನಿಮ್ಮ ಮೈದುನನ ಮುಖ ನೋಡ್ಕೊಂಡೇ ಮುದುಕಿ ಆಗ್ತೀನಿ,” ಎಂದಳು. ಅಕ್ಕನಿಗೆ ಆ ಮಾತು ಇಷ್ಟವಾಯಿತು. ಕಲಿಸಿದಳು. ಓರಗಿತ್ತಿ ಕೈಗೆ ಗ್ಲೌಸು ಹಾಕಿಕೊಂಡು, ಪ್ರತಿ ಕೆಲಸ ಮುಗಿಸಿದ ಮೇಲೂ ತಿರುಗಿ ಅಕ್ಕನ ಮುಖ ನೋಡುತ್ತಿದ್ದಳು. ಅಕ್ಕ ಸುಮ್ಮನಿದ್ದರೆ ಹಲ್ಲು ಬಿಟ್ಟು ನಕ್ಕು ಮುಂದಿನದಕ್ಕೆ ಹೋಗುತ್ತಿದ್ದಳು. ಕಲಿಯುವವರೆಗೆ ಓರಗಿತ್ತಿ ಮುದ್ದಾಗಿಯೇ ಇದ್ದಳು. ಕಲಿತ ಮೇಲೆ ಕಣ್ಣಿಗೆ ಬಿದ್ದ ಕಸವಾದಳು.

ಅದು ಶುರುವಾದದ್ದು ಒಂದು ಟ್ರ್ಯಾಕ್ಟರಿನಿಂದ. ಡ್ರೈವರು ಅಂಗಳದಲ್ಲಿ ನಿಂತು, “ಬ್ಯಾಟರಿ ಅಕ್ಕ ಇದಾರಾ?” ಎಂದು ಕೂಗಿದ. ಅಕ್ಕ ಕೈ ಒರೆಸಿಕೊಂಡು ಹೊರಗೆ ಬಂದಳು.

“ಹೇಳಪ್ಪ.”

“ನೀವಲ್ಲಮ್ಮ,” ಎಂದ ಅವನು, ಬೇರೇನೂ ಮನಸ್ಸಿನಲ್ಲಿಲ್ಲದೆ. “ಆ ಸಣ್ಣ ಬ್ಯಾಟರಿ ಅಕ್ಕ ಇದಾರಲ್ಲ, ಅವರು.”

“ಒಳಗಿದಾಳೆ,” ಎಂದು ಅಕ್ಕ ವಾಪಸು ಬಂದಳು. ಹತ್ತಿಬಟ್ಟೆಯ ಮೇಲೆ ಆಸಿಡ್ಡಿನ ಹನಿ ಬಿದ್ದರೆ ಆಗಲೇ ಏನೂ ಕಾಣುವುದಿಲ್ಲ. ಬಟ್ಟೆ ಒಗೆದು ಒಣಗಿಸಿದಾಗಲೇ ತೂತು ತೋರುವುದು. ಅಕ್ಕನ ಮನಸ್ಸಿಗೆ ಆದದ್ದೂ ಹಾಗೆಯೇ. ಆ ದಿನ ಏನೂ ಅನ್ನಿಸಲಿಲ್ಲ. ಅದಾದ ಮೇಲೆ ಓರಗಿತ್ತಿ ಏನು ಮಾಡಿದರೂ ಅಲ್ಲೊಂದು ತೂತು ಕಾಣತೊಡಗಿತು. ಅವಳು ಗಿರಾಕಿಗಳ ಜೊತೆ ನಗುವುದು ಕಂಡಿತು. ಟೀ ತಂದವನು ಮೊದಲ ಲೋಟ ಅವಳಿಗೆ ಕೊಡುವುದು ಕಂಡಿತು. ಅಕ್ಕ ಗಾಜಿನ ಕೊಳವೆಯಲ್ಲಿ ಖಾನೆ ಖಾನೆ ನೋಡಿ ಹೇಳುವುದನ್ನು ಓರಗಿತ್ತಿ ಮೀಟರಿನ ಎರಡು ತಂತಿ ಮುಟ್ಟಿಸಿ ಚಿಟಿಕೆಯಲ್ಲಿ ಹೇಳಿಬಿಡುವುದು ಕಂಡಿತು. ಎಲ್ಲಕ್ಕಿಂತ ಕೆಟ್ಟದ್ದೇನೆಂದರೆ, ಅವಳು ಹೇಳಿದ್ದು ಸರಿಯೇ ಇರುತ್ತಿತ್ತು.

ಒಮ್ಮೆ ಅಪಘಾತವಾದ ಗಾಡಿಯೊಂದರಿಂದ ಬಿಚ್ಚಿದ ಬ್ಯಾಟರಿ ಬಂದಿತ್ತು. ನೀರು ಹಾಕುವ ಮುಚ್ಚಳವೇ ಇಲ್ಲದ ಹೊಸ ಜಾತಿಯದು. ಓರಗಿತ್ತಿ ಅಂಗಳದಲ್ಲಿ ಕೂತು ಅದನ್ನು ಗರಗಸದಿಂದ ಕೊಯ್ದು ಒಳಗೇನಿದೆ ಎಂದು ನೋಡಿದಳು. ಇಡೀ ಮಧ್ಯಾಹ್ನ ಅದೇ ಕೆಲಸ. ಅಕ್ಕ ಕಿಟಕಿಯಿಂದ ನೋಡುತ್ತಿದ್ದಳು. ಹೊಸ ಸೊಸೆಯಾಗಿದ್ದಾಗ ತಾನೂ ಮಾವನ ಜೊತೆ ಕೂತು ಸತ್ತ ಬ್ಯಾಟರಿಯ ಹೊಟ್ಟೆ ಸೀಳಿ ನೋಡಿದ್ದು ನೆನಪಾಯಿತು. ಹೋಗಿ ಪಕ್ಕದಲ್ಲಿ ಕೂರಬೇಕೆನ್ನಿಸಿತು. ಹೋಗಲಿಲ್ಲ. ಆ ರಾಡಿಯನ್ನು ಯಾರು ಬಳಿಯುತ್ತಾರೆಂದು ಗೊಣಗಿದಳು. ಓರಗಿತ್ತಿ ತಾನೇ ಬಳಿದಳು. ಬೈಯುವುದಕ್ಕೆ ಅದೂ ಉಳಿಯಲಿಲ್ಲ.

ಇಷ್ಟಾದರೂ ಅಕ್ಕನ ಪಾಲಿಗೆ ಒಬ್ಬರು ಮಾತ್ರ ಅಲುಗದೆ ಉಳಿದಿದ್ದರು, ದನದ ಡಾಕ್ಟ್ರಮ್ಮ. ಗುಡ್ಡದ ಮೇಲಿನ ಕುರಿದೊಡ್ಡಿಗಳಿಗೆ ತಮ್ಮ ಜೀಪನ್ನು ತಾವೇ ಓಡಿಸಿಕೊಂಡು ಹೋಗುವವರು. ಅಲ್ಲಿಗೆ ರಸ್ತೆಯೆನ್ನುವುದಿಲ್ಲ. ಕಲ್ಲುಬಂಡೆಯ ಮೇಲೆ, ಹಳ್ಳದ ಒಳಗೆ ಗಾಡಿ ಹೋದದ್ದೇ ದಾರಿ. ಬ್ಯಾಟರಿಯ ವಿಷಯಕ್ಕೆ ಅವರು ಅಕ್ಕನ ಕೋಣೆಗೇ ಬಂದು, ಒಂದು ಡಬ್ಬ ಮಗುಚಿ ಹಾಕಿಕೊಂಡು ಕೂರುತ್ತಿದ್ದರು. ಯಾವ ಕುರಿ ಹೇಗೆ ಒದೆಯಿತು, ಯಾವ ಕುರುಬ ಔಷಧಿಯನ್ನು ಕುರಿಗೆ ಬಿಟ್ಟು ತಾನೇ ಕುಡಿದ ಎಂದು ಹೇಳಿ ನಗಿಸುತ್ತಿದ್ದರು. ಅಕ್ಕನಿಗೆ ಗೆಳತಿಯರು ಯಾರೂ ಇರಲಿಲ್ಲ. ಕೆಲಸದ ನಡುವೆ ಹಾಗೆ ಬಂದು ಕೂತು ಮಾತಾಡುವವರು ಇವರೊಬ್ಬರೇ. ಅವರು ಬಂದುಹೋದ ದಿನ ಅಕ್ಕ ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಹೇಳುವ ಪುಟ್ಟ ಪ್ರಾರ್ಥನೆಯನ್ನು ಸಂಜೆಗೂ ಒಮ್ಮೆ ಹೇಳಿಕೊಳ್ಳುತ್ತಿದ್ದಳು.

ಆ ಸಲ ಡಾಕ್ಟ್ರಮ್ಮ ಬಂದದ್ದು ಸಿಟ್ಟಿನಲ್ಲಿ. ಜೀಪಿನ ಮೈಯೆಲ್ಲ ಕೆಸರು.

“ಅಕ್ಕಾ, ನಿಮ್ಮ ಬ್ಯಾಟರಿ ನನಗೆ ಕೈ ಕೊಡ್ತು. ಹಳ್ಳದಲ್ಲಿ ಚಕ್ರ ಹೂತುಹೋಯ್ತು. ವಿಂಚ್ ಹಾಕಿ ಎಳೀತಿದ್ದೆ, ಅರ್ಧಕ್ಕೇ ಉಸಿರು ನಿಂತುಹೋಯ್ತು. ಕುರುಬರು ಎತ್ತು ಕಟ್ಟಿ ಎಳೆದ್ರು. ಇನ್ನು ಅವರ ಎದುರಿಗೆ ನಾನು ಜಂಬ ಹೊಡೆಯೋ ಹಾಗಿಲ್ಲ.”

ವಿಂಚ್ ಅಂದರೆ ಜೀಪಿನ ಮೂತಿಗೆ ಕಟ್ಟಿರುವ ಉಕ್ಕಿನ ಹಗ್ಗದ ರಾಟೆ. ಹಗ್ಗವನ್ನು ಮರಕ್ಕೆ ಬಿಗಿದು ಗುಂಡಿ ಒತ್ತಿದರೆ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಬ್ಯಾಟರಿಯ ಜೀವ ಹಿಂಡುವ ಯಂತ್ರವದು. ಅಕ್ಕ ಬಾನೆಟ್ ಎತ್ತಿ ಕೊಳವೆ ಹಾಕಿ ನೋಡಿದಳು. ಒಂದು ಖಾನೆಯ ಆಸಿಡ್ ಕಪ್ಪು ಕಷಾಯದಂತಿತ್ತು. ಕಲ್ಲುದಾರಿಯ ಕುಲುಕಾಟಕ್ಕೆ ಒಳಗಿನ ಸೀಸದ ಪ್ಲೇಟಿನ ಮೇಲಿನ ಲೇಪ ಉದುರಿ ತಳದಲ್ಲಿ ಮಡುಗಟ್ಟಿತ್ತು.

“ಕುಲುಕಿ ಕುಲುಕಿ ಸತ್ತಿದೆ,” ಎಂದಳು.

“ಹಾಗಾದ್ರೆ ಕುಲುಕಿದ್ರೂ ಸಾಯದ್ದು ಕೊಡಿ. ನಾಳೆ ಮೇಲಿನ ದೊಡ್ಡಿಗೆ ಹೋಗ್ಬೇಕು. ಕುರಿಗಳಿಗೆ ಗೊರಸಿನ ಬೇನೆ ಹತ್ತಿದೆ. ಮತ್ತೆ ಎತ್ತು ಕಟ್ಟಿಸ್ಕೊಳ್ಳೋ ಹಣೆಬರಹ ನನಗೆ ಬೇಡ.”

“ಇದಕ್ಕಿಂತ ದೊಡ್ಡದು, ದಪ್ಪ ಪ್ಲೇಟಿಂದು ಹಾಕ್ತೀನಿ,” ಎಂದಳು ಅಕ್ಕ. “ನೀರಿನ ಬ್ಯಾಟರಿ ಅಂದ್ರೆ ಒಳಗಿರೋದು ಕಾಣುತ್ತೆ. ಸಾಯೋ ಮುಂಚೆ ಹೇಳಿ ಸಾಯುತ್ತೆ.”

ಓರಗಿತ್ತಿ ಪಕ್ಕದ ಗಾಡಿಯ ಕೆಲಸ ಬಿಟ್ಟು ಬಂದು, ಜೀಪಿನ ಇಂಜಿನ್ ಓಡಿಸಿ ಮೀಟರಿನ ತಂತಿ ಮುಟ್ಟಿಸಿ ನೋಡಿದ್ದಳು. “ಅಕ್ಕಾ, ಒಂದು ಮಾತು ಹೇಳ್ಲಾ?” ಎಂದಳು. ಅಕ್ಕ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

“ಹೇಳಮ್ಮ,” ಎಂದರು ಡಾಕ್ಟ್ರಮ್ಮ.

“ಎಷ್ಟು ದಪ್ಪದ ಪ್ಲೇಟ್ ಹಾಕಿದ್ರೂ ನೀರೊಳಗೆ ನೇತಾಡ್ತಾನೇ ಇರುತ್ತೆ, ಕುಲುಕಿದ್ರೆ ಉದುರುತ್ತೆ. ಈ ಮುಚ್ಚಿದ ಬ್ಯಾಟರಿ ನೋಡಿ. ಇದರಲ್ಲಿ ಆಸಿಡ್ ಅಲ್ಲಾಡಲ್ಲ. ಗಾಜಿನ ನೂಲಿನ ಹಾಸು ಇರುತ್ತೆ, ಹತ್ತಿ ಥರ. ಆಸಿಡ್ಡನ್ನೆಲ್ಲ ಅದೇ ಹೀರ್ಕೊಂಡಿರುತ್ತೆ. ಪ್ಲೇಟುಗಳನ್ನ ಆ ಹಾಸಿನ ಮಧ್ಯ ಒತ್ತಿ ತುಂಬಿರ್ತಾರೆ. ಕೊಯ್ದು ನೋಡಿದೀನಿ, ಉಗುರು ತೂರಲ್ಲ. ಜೀಪು ಓರೆಯಾದ್ರೂ ಚೆಲ್ಲಲ್ಲ. ವಿಂಚ್ ಒಂದೇ ಸಲಕ್ಕೆ ಎಷ್ಟು ಕರೆಂಟ್ ಎಳೆದ್ರೂ ಕೊಡುತ್ತೆ.”

“ಜಾಸ್ತಿ ಚಾರ್ಜ್ ಕೊಟ್ರೆ ಅದು ಒಳಗೇ ಒಣಗಿ ಸಾಯುತ್ತೆ,” ಎಂದಳು ಅಕ್ಕ. “ನೀರು ಹಾಕಿ ಉಳಿಸೋಣ ಅಂದ್ರೆ ಮುಚ್ಚಳ ಇಲ್ಲ.”

“ಹೌದು ಅಕ್ಕಾ. ಅದಕ್ಕೇ ಈಗ ಇಂಜಿನ್ ಓಡಿಸಿ ಮೀಟರ್ ಹಿಡಿದು ನೋಡ್ದೆ. ಇವರ ಆಲ್ಟರ್ನೇಟರ್ ಬ್ಯಾಟರಿಗೆ ಚಾರ್ಜನ್ನ ಹದವಾಗೇ ಕೊಡ್ತಾ ಇದೆ.”

ಅಕ್ಕನ ಹತ್ತಿರ ಇದ್ದ ಕೊನೆಯ ಮಾತೂ ಮುಗಿಯಿತು. ಓರಗಿತ್ತಿ ಹೇಳಿದ್ದು ಅಕ್ಷರಶಃ ಸರಿಯೆಂದು ಅವಳಿಗೆ ಗೊತ್ತು. ಗುಡ್ಡದ ಜೀಪಿಗೆ ಬೇಕಾದದ್ದು ಅದೇ ಬ್ಯಾಟರಿ. ತಾನೇ ಹೇಳಬಹುದಿತ್ತು, ಹೇಳಿದ್ದರೆ ಆ ಮಾತು ತನ್ನದಾಗುತ್ತಿತ್ತು. ಈಗ ತಲೆಯಾಡಿಸಿದರೆ ಸೋತ ಹಾಗೆ, ಬೇಡವೆಂದರೆ ಸುಳ್ಳು ಹೇಳಿದ ಹಾಗೆ. ಡಾಕ್ಟ್ರಮ್ಮ ಇಬ್ಬರ ಮುಖವನ್ನೂ ನೋಡಿದರು.

“ಅಕ್ಕಾ, ಬೇಜಾರಿಲ್ಲ ತಾನೇ? ಈ ಸಲ ಇವಳು ಹೇಳಿದ್ದೇ ಹಾಕಿಸ್ತೀನಿ.”

“ನನಗೇನು ಬೇಜಾರು, ಗಾಡಿ ನಿಮ್ಮದು,” ಎಂದಳು ಅಕ್ಕ.

ಡಾಕ್ಟ್ರಮ್ಮ ಕೋಣೆಯೊಳಕ್ಕೆ ಬರಲಿಲ್ಲ. ಅಂಗಳದಲ್ಲೇ ನಿಂತು, ಓರಗಿತ್ತಿ ಹಳೆಯ ಬ್ಯಾಟರಿ ಬಿಚ್ಚುವುದನ್ನು ನೋಡುತ್ತ, ಎತ್ತು ಕಟ್ಟಿ ಎಳೆಸಿದ ಕಥೆಯನ್ನು ಅವಳಿಗೇ ಹೇಳಿದರು. ಓರಗಿತ್ತಿ ಬಿದ್ದು ಬಿದ್ದು ನಕ್ಕಳು. ಅಕ್ಕ ಕಿಟಕಿಯ ಪಕ್ಕ ನಿಂತು ಎಲ್ಲ ಕೇಳಿಸಿಕೊಂಡಳು. ಕಣ್ಣಿಗಾದರೆ ದೇವರು ರೆಪ್ಪೆ ಕೊಟ್ಟಿದ್ದಾನೆ, ಕಿವಿಗೆ ಅಂಥದೇನೂ ಕೊಟ್ಟಿಲ್ಲ.

ಡಾಕ್ಟ್ರಮ್ಮ ಊಟಕ್ಕೆಂದು ಹೋದ ಮೇಲೆ ಓರಗಿತ್ತಿ ಹೊಸ ಬ್ಯಾಟರಿಯನ್ನು ತಟ್ಟೆಯಲ್ಲಿ ಕೂರಿಸಿದಳು. ತಟ್ಟೆಯೆಂದರೆ ಬಾನೆಟ್ಟಿನೊಳಗೆ ಬ್ಯಾಟರಿ ಕೂರುವ ಕಬ್ಬಿಣದ ಚೌಕ. ಈ ಜೀಪಿನ ತಟ್ಟೆಯನ್ನು ಮಾವ ಯಾವುದೋ ಲಾರಿಯಿಂದ ತೆಗೆದು ಕೂರಿಸಿದ್ದರು, ಅಳತೆ ಒಂದಿಷ್ಟು ದೊಡ್ಡದು. ಅದಕ್ಕೇ ಅಕ್ಕ ಪ್ರತಿಸಲವೂ ಪಕ್ಕದ ಸಂದಿಗೆ ಟೈರಿನ ರಬ್ಬರು ಸುತ್ತಿದ ಮರದ ತುಂಡೊಂದನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡುತ್ತಿದ್ದಳು. ಮೇಲಿನ ಪಟ್ಟಿ ಬ್ಯಾಟರಿ ಹಾರದಂತೆ ಹಿಡಿಯುತ್ತದೆ. ಪಕ್ಕಕ್ಕೆ ಜರುಗದಂತೆ ಹಿಡಿಯುವುದು ಆ ತುಂಡು. ಅದರ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಡಾಕ್ಟ್ರಮ್ಮನ ಜೀಪಿಗೆ ಇದುವರೆಗೆ ಬೇರೆಯವರು ಕೈ ಹಾಕಿದ್ದೇ ಇಲ್ಲ.

ಓರಗಿತ್ತಿ ಪಟ್ಟಿಯ ನಟ್ಟುಗಳನ್ನು ಬಿಗಿದಳು. ಎರಡೂ ಕೈಯಲ್ಲಿ ಬ್ಯಾಟರಿ ಹಿಡಿದು ಅಲುಗಿಸಿದಳು. ಅಲುಗಲಿಲ್ಲ. ಆಮೇಲೆ ಕಪ್ಪಾದ ಮರದ ತುಂಡನ್ನು ಎತ್ತಿ ಹಿಡಿದು ಕಿಟಕಿಯ ಕಡೆ ತಿರುಗಿದಳು.

“ಅಕ್ಕಾ, ತಟ್ಟೇಲಿ ಇದು ಬಿದ್ದಿತ್ತು. ಇದೇನಾದ್ರೂ ಬೇಕಾ?”

ಅಕ್ಕನಿಗೆ ಚೆನ್ನಾಗಿ ಕೇಳಿಸಿತು. ಬೇಕು ಎನ್ನುವ ಎರಡಕ್ಷರ ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ಆ ಗಳಿಗೆಯಲ್ಲಿ ಅವಳ ಮನಸ್ಸಿಗೆ ಬಂದದ್ದು ಊಟಕ್ಕೆ ಹೋಗುವ ಮುಂಚೆ ಅಂಗಳದಲ್ಲಿ ನಿಂತು ಕಥೆ ಹೇಳುತ್ತಿದ್ದ ಡಾಕ್ಟ್ರಮ್ಮನ ಬೆನ್ನು. ಎಲ್ಲ ತಿಳಿದವಳಲ್ಲವೇ, ಇದನ್ನೂ ತಿಳಿದುಕೊಳ್ಳಲಿ. ಅಕ್ಕ ಬಗ್ಗಿ ಡಿಸ್ಟಿಲ್ಡ್ ವಾಟರಿನ ಕ್ಯಾನು ಎತ್ತಿದಳು. ಏನೂ ಅನ್ನಲಿಲ್ಲ.

ಓರಗಿತ್ತಿ ಒಂದು ಗಳಿಗೆ ಕಾದಳು. ಆಮೇಲೆ, ಈ ಗ್ಯಾರೇಜಿನಲ್ಲಿ ಎಲ್ಲರೂ ಮಾಡುವಂತೆ, ಅಕ್ಕ ಸುಮ್ಮನಿದ್ದಾಳೆಂದರೆ ಕೆಲಸ ಸರಿಯಿದೆಯೆಂದುಕೊಂಡಳು. ತುಂಡನ್ನು ಬೆಂಚಿನ ಮೇಲಿಟ್ಟು ಬಾನೆಟ್ ಮುಚ್ಚಿದಳು.

ಮರುದಿನ ಬೆಳಿಗ್ಗೆ ಅಕ್ಕ ಎಂದಿನಂತೆ ಚಾರ್ಜರಿನ ಸ್ವಿಚ್ಚು ಹಾಕುವ ಮುಂಚೆ ಕಣ್ಣು ಮುಚ್ಚಿ ಕೈಮುಗಿದಳು. ಅವಳ ಪ್ರಾರ್ಥನೆ ದೊಡ್ಡದೇನಲ್ಲ. ಇಲ್ಲಿಂದ ಹೋದ ಗಾಡಿಗಳೆಲ್ಲ ಮನೆ ಮುಟ್ಟಲಿ, ಅಷ್ಟೇ. ಮಾವ ಹೇಳುತ್ತಿದ್ದುದು ಅದನ್ನೇ. ಆ ದಿನ ‘ಗಾಡಿಗಳೆಲ್ಲ’ ಎನ್ನುವವರೆಗೆ ಬಂದು ಮುಂದಿನ ಮಾತು ಬರಲಿಲ್ಲ. ಇನ್ನೊಮ್ಮೆ ಮೊದಲಿನಿಂದ ಹೇಳಿದಳು. ಅಲ್ಲೇ ನಿಂತಿತು. ತಾನೇ ಕಳ್ಳತನ ಮಾಡಿ ತಾನೇ ಪೊಲೀಸರಿಗೆ ದೂರು ಕೊಟ್ಟಂತಿತ್ತು ಅವಳ ಪಾಡು.

ಕಣ್ಣು ಬಿಟ್ಟಾಗ ಎದುರಿಗೆ ಬೆಂಚು, ಬೆಂಚಿನ ಮೇಲೆ ಮರದ ತುಂಡು. ನಿನ್ನೆ ಇದು ಅವಳಿಗೆ ಒಂದು ಸಣ್ಣ ಸೇಡಾಗಿ ಮಾತ್ರ ಕಂಡಿತ್ತು. ಬ್ಯಾಟರಿ ಸಡಿಲವಾಗಿ ಗಾಡಿ ವಾಪಸು ಬರುತ್ತದೆ, ಓರಗಿತ್ತಿಯ ಮುಖ ಸಪ್ಪಗಾಗುತ್ತದೆ, ಅಷ್ಟು. ಈಗ ಜೀಪಿನ ಬಾನೆಟ್ಟಿನ ಒಳಗೇ ನಿಂತವಳಂತೆ ಅವಳಿಗೆ ಬೇರೆಯದು ಕಂಡಿತು. ಕಲ್ಲುದಾರಿಯಲ್ಲಿ ಬ್ಯಾಟರಿ ಚೂರುಚೂರೇ ಪಕ್ಕಕ್ಕೆ ಜರುಗುತ್ತದೆ. ಪಕ್ಕದಲ್ಲೇ ಬಾನೆಟ್ಟನ್ನು ಎತ್ತಿ ನಿಲ್ಲಿಸುವ ಕಬ್ಬಿಣದ ಸರಳು. ಕೆಂಪು ಟರ್ಮಿನಲ್ ಆ ಸರಳನ್ನು ಮುಟ್ಟಿದರೆ ಕಿಡಿ. ಮೇಲೆ ಡೀಸೆಲ್ಲಿನ ಪೈಪು. ಗುಡ್ಡದ ಮೇಲೆ ಹೊತ್ತಿಕೊಂಡರೆ ನೀರು ಹಾಕುವವರೂ ಇಲ್ಲ.

ಡಾಕ್ಟ್ರಮ್ಮನಿಗೆ ಫೋನ್ ಹಚ್ಚಿದಳು. ಗುಡ್ಡದ ಬುಡದ ಟೀ ಅಂಗಡಿ ದಾಟಿದರೆ ಫೋನು ಸಿಗುವುದಿಲ್ಲ. ಗಂಟೆ ಹೊಡೆಯುತ್ತಲೇ ಇತ್ತು. ಕೊನೆಗೆ ಡಾಕ್ಟ್ರಮ್ಮನ ಧ್ವನಿ ಬಂತು.

“ಏನಕ್ಕಾ ಇಷ್ಟು ಬೆಳಿಗ್ಗೆ? ಟೀ ಕುಡೀತಿದೀನಿ, ಈಗ ಹತ್ತೋದೇ.”

“ಹತ್ತಬೇಡಿ. ಬ್ಯಾಟರಿ ತಟ್ಟೆಯಲ್ಲಿ ಸಡಿಲ ಇದೆ. ಜರುಗಿ ಸರಳಿಗೆ ತಾಗಿದ್ರೆ ಬೆಂಕಿ ಆಗುತ್ತೆ. ನಾನು ಬರ್ತೀನಿ, ಅಲ್ಲೇ ಇರಿ.”

“ನಿಮ್ಮ ಓರಗಿತ್ತಿ ಬಿಗಿ ಮಾಡಿದ್ಲಲ್ಲ? ಅವಳಿಗೆ ಗೊತ್ತಾಗ್ಲಿಲ್ವಾ?”

ಅಕ್ಕ ತಲೆ ಎತ್ತಿದಳು. ಬಾಗಿಲಲ್ಲಿ ಓರಗಿತ್ತಿ ನಿಂತಿದ್ದಳು, ಕೈಯಲ್ಲಿ ಸ್ಕೂಟರಿನ ಕೀಲಿ. ಈಗಷ್ಟೇ ಬಂದಿದ್ದಳು. ಫೋನಿನ ಧ್ವನಿ ಅವಳಿಗೂ ಕೇಳಿಸುವಷ್ಟು ಜೋರಾಗಿತ್ತು.

ಅಕ್ಕ ಎಷ್ಟೋ ತಿಂಗಳಿಂದ ಕಾಯುತ್ತಿದ್ದ ಮಾತು ಅದು. ‘ಇಲ್ಲ ಡಾಕ್ಟ್ರೇ, ಅವಳಿಗೆ ಗೊತ್ತಾಗ್ಲಿಲ್ಲ, ಇನ್ನೂ ಹೊಸಬಳು’ ಎಂದರೆ ಸಾಕಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ, ಅವಳಿಗೆ ಗೊತ್ತಿರಲಿಲ್ಲವಲ್ಲ. ಬ್ಯಾಟರಿ ಆರಿಸುವ ಅಧಿಕಾರ, ಡಾಕ್ಟ್ರಮ್ಮ, ಕೋಣೆಯ ಮಾತುಕತೆ, ಎಲ್ಲ ಆ ಒಂದು ಮಾತಿಗೆ ತಿರುಗಿ ಬರುತ್ತಿದ್ದವು. ಓರಗಿತ್ತಿಯ ಮುಖದಿಂದ ಆಗಲೇ ಬಣ್ಣ ಇಳಿದಿತ್ತು. ತನ್ನ ತಪ್ಪೇನೆಂದು ತಿಳಿಯದೆ ಅವಳು ಅಕ್ಕನನ್ನೇ ನೋಡುತ್ತಿದ್ದಳು.

“ಅವಳು ನನ್ನ ಕೇಳಿದಳು,” ಎಂದಳು ಅಕ್ಕ. “ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ.”

“ಯಾಕೆ?”

“ಹೊಟ್ಟೆಕಿಚ್ಚಿಗೆ, ಡಾಕ್ಟ್ರೇ.”

ಡಾಕ್ಟ್ರಮ್ಮ ಫೋನ್ ಇಟ್ಟರು.

ಓರಗಿತ್ತಿ ಬೆಂಚಿನ ಹತ್ತಿರ ಬಂದು ಮರದ ತುಂಡನ್ನು ಕೈಗೆ ತೆಗೆದುಕೊಂಡಳು. ತಿರುಗಿಸಿ ನೋಡಿದಳು. ಅಕ್ಕ ಬೈಗುಳಕ್ಕೆ ಕಾದಳು. ಬಂದದ್ದು, “ಸುತ್ತಿಗೆ ತಗೊಳ್ಳಿ. ಸ್ಕೂಟರಲ್ಲಿ ಹೋದ್ರೆ ಬೇಗ ಆಗುತ್ತೆ,” ಎನ್ನುವ ಮಾತು.

ಅಕ್ಕನ ಗಂಡ ಅಂಗಳದಲ್ಲಿ ಬಾಯಿ ತೊಳೆಯುತ್ತಿದ್ದವನು ಇಬ್ಬರನ್ನೂ ನೋಡಿ ಬಾಯಲ್ಲಿದ್ದ ನೀರನ್ನು ಒಮ್ಮೆಲೇ ಉಗುಳಿದ. “ಇಬ್ರೂ ಒಂದೇ ಗಾಡೀಲಾ? ಇವತ್ತು ಸೂರ್ಯ ಎಲ್ಲಿ ಹುಟ್ಟಿದಾನೆ ನೋಡ್ಬೇಕು,” ಎಂದ. ಓರಗಿತ್ತಿ ಆಗಲೇ ಸ್ಕೂಟರು ತಿರುಗಿಸಿದ್ದಳು.

ಅಕ್ಕನಿಗೆ ಸ್ಕೂಟರ್ ಓಡಿಸಲು ಬರುವುದಿಲ್ಲ. ಓರಗಿತ್ತಿ ಬಂದ ಮೇಲೆ ಕಲಿಯಬೇಕೆಂದು ಅನ್ನಿಸಿತ್ತು. ಅವಳ ಹತ್ತಿರ ಕೇಳಬೇಕಲ್ಲ ಎಂದು ಬಿಟ್ಟಿದ್ದಳು. ಹಿಂದೆ ಕೂತು, ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಸೀಟಿನ ಅಂಚು ಹಿಡಿದಿದ್ದಳು. ಓರಗಿತ್ತಿ ಒಂದೇ ವೇಗದಲ್ಲಿ ಊರು ದಾಟಿದಳು. ಹಿಂದಿನಿಂದ ಅವಳ ಕಿವಿ ಕೆಂಪಗಾಗಿರುವುದು ಮಾತ್ರ ಕಾಣುತ್ತಿತ್ತು.

“ಅಕ್ಕಾ,” ಎಂದಳು ಕೊನೆಗೆ, ತಿರುಗಿ ನೋಡದೆ. “ನನ್ನ ಮೇಲೆ ಸಿಟ್ಟಿದ್ರೆ ನನ್ನ ಬಯ್ಯಿರಿ. ಬೇಕಾದ್ರೆ ಎರಡೇಟು ಹಾಕಿ. ಕುರಿ ನೋಡೋಕೆ ಹೋಗೋ ಹೆಂಗಸು ಏನು ಮಾಡಿದ್ರು?”

“ಏನೂ ಮಾಡಿಲ್ಲ.”

“ನಾನು ಏನು ಮಾಡ್ದೆ?”

ಅಕ್ಕ ಯೋಚಿಸಿದಳು. “ನೀನೂ ಏನೂ ಮಾಡಿಲ್ಲ. ಅದೇ ಕಷ್ಟ,” ಎಂದಳು.

ಓರಗಿತ್ತಿಯ ಭುಜ ಒಮ್ಮೆ ಅಲುಗಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅಕ್ಕನಿಗೆ ಗೊತ್ತಾಗಲಿಲ್ಲ. “ನೀವು ಸುಮ್ಮನಿದ್ರೆ ನನಗೆ ಎಷ್ಟು ಖುಷಿ ಆಗ್ತಿತ್ತು ಗೊತ್ತಾ?” ಎಂದಳು. “ನಿನ್ನೇನೂ ಖುಷಿಯಾಗಿಯೇ ಮನೆಗೆ ಹೋದೆ. ಅಕ್ಕ ನನ್ನ ಕೆಲಸ ಒಪ್ಪಿದ್ರು ಅಂತ ನಮ್ಮ ಮನೆಯವರಿಗೂ ಹೇಳ್ದೆ.”

ಈ ಮಾತಿಗಿಂತ ಎರಡೇಟೇ ಹಿತವಾಗಿರುತ್ತಿತ್ತು. ಅಕ್ಕ ಸುತ್ತಿಗೆಯನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದು ಗುಡ್ಡದ ಕಡೆ ನೋಡುತ್ತ ಕೂತಳು.

ಟೀ ಅಂಗಡಿಯ ಮುಂದೆ ಜೀಪು ನಿಂತಿತ್ತು. ಬಾನೆಟ್ ಎತ್ತಿತ್ತು, ಪಕ್ಕದಲ್ಲಿ ಡಾಕ್ಟ್ರಮ್ಮ ಕೈಕಟ್ಟಿ ನಿಂತಿದ್ದರು. ಇಷ್ಟು ದೂರ ಬಂದದ್ದು ಹಾಳಾದ ಡಾಂಬರು ರಸ್ತೆಯಲ್ಲಿ ಮಾತ್ರ, ಗುಡ್ಡದ ದಾರಿ ಇನ್ನೂ ಶುರುವೇ ಆಗಿರಲಿಲ್ಲ. ಆದರೂ ಬ್ಯಾಟರಿ ಜರುಗಿತ್ತು. ಕೆಂಪು ಟರ್ಮಿನಲ್ಲಿಗೂ ಕಬ್ಬಿಣದ ಸರಳಿಗೂ ನಡುವೆ ಬೆರಳು ತೂರುವಷ್ಟೂ ಸಂದಿಯಿರಲಿಲ್ಲ. ಟೀ ಅಂಗಡಿಯವನು ಬಗ್ಗಿ ನೋಡಿ, “ಅಬ್ಬಬ್ಬಾ, ಇದೇನು ಒಲೆ ಹಚ್ಚೋಕೆ ಹೊರಟಿದ್ರಾ?” ಎಂದ. ಡಾಕ್ಟ್ರಮ್ಮ ಅವನ ಕಡೆ ನೋಡಿದ ರೀತಿಗೆ ಅವನು ತನ್ನ ಒಲೆಯ ಹತ್ತಿರ ಹೋದ.

ಮೊದಲು ಓರಗಿತ್ತಿ ಕಪ್ಪು ತಂತಿ ಬಿಚ್ಚಿದಳು, ಪಟ್ಟಿ ಸಡಿಲಿಸಿ ಬ್ಯಾಟರಿಯನ್ನು ಜಾಗಕ್ಕೆ ತಂದಳು. ಅಕ್ಕ ತುಂಡನ್ನು ಸಂದಿಗಿಟ್ಟು ಬಡಿಯತೊಡಗಿದಳು. “ಹೀಗೆ ಓರೆಯಾಗಿ ಶುರು ಮಾಡ್ಬೇಕು,” ಎಂದಳು. “ನೆಟ್ಟಗೆ ಬಡಿದ್ರೆ ಬ್ಯಾಟರಿ ಮೈ ಸೀಳುತ್ತೆ. ಧ್ವನಿ ಕೇಳು. ಟೊಳ್ಳು ಧ್ವನಿ ಹೋಗಿ ಗಟ್ಟಿ ಧ್ವನಿ ಬಂದ್ರೆ ಸಾಕು. ಮೇಲಿಂದ ಮೇಲೆ ಬಡೀಬಾರದು.” ಕೊನೆಯ ಎರಡು ಪೆಟ್ಟಿಗೆ ಸುತ್ತಿಗೆಯನ್ನು ಓರಗಿತ್ತಿಯ ಕೈಗೆ ಕೊಟ್ಟಳು. ಓರಗಿತ್ತಿ ಬಡಿದಳು. ಧ್ವನಿ ಗಟ್ಟಿಯಾಯಿತು. ಅವಳ ಪೆಟ್ಟು ತನ್ನದಕ್ಕಿಂತ ನೇರವಾಗಿ ಬಿತ್ತೆಂದು, ಈ ಹೊತ್ತಿನಲ್ಲೂ, ಅಕ್ಕನ ಕಣ್ಣಿಗೆ ಕಾಣದಿರಲಿಲ್ಲ.

ಡಾಕ್ಟ್ರಮ್ಮ ಸೀಟಿಗೆ ಹತ್ತಿ ಕೂತು ಸೆಲ್ಫ್ ಹೊಡೆದರು. ಮುಟ್ಟಿದ್ದೇ ತಡ, ಇಂಜಿನ್ ಎದ್ದಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಅಕ್ಕನನ್ನು ನೋಡಿದರು.

“ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ ಅಕ್ಕಾ. ಇಷ್ಟು ಬೇಗ ಹೋಗೋ ಸಿಟ್ಟಲ್ಲ.”

“ಇರ್ಲಿ ಡಾಕ್ಟ್ರೇ. ಬರಬೇಕಾದ್ದೇ.”

“ಡಾಕ್ಟ್ರೇ,” ಎಂದಳು ಓರಗಿತ್ತಿ, ಕೈಯ ಗ್ರೀಸನ್ನು ಒರೆಸಿಕೊಳ್ಳುತ್ತ. “ಅಕ್ಕ ಫೋನಲ್ಲಿ ನನ್ನ ಹೆಸರು ಹೇಳಿಬಿಡಬಹುದಿತ್ತು. ನಾನು ಎದುರಿಗೇ ನಿಂತಿದ್ದೆ. ಹೇಳಿದ್ರೆ ನನಗೂ ನಂಬಿಕೆ ಬಂದುಬಿಡ್ತಿತ್ತು, ತಪ್ಪು ನಂದೇ ಅಂತ. ಅದನ್ನೂ ಸ್ವಲ್ಪ ಲೆಕ್ಕಕ್ಕೆ ಇಟ್ಕೊಳ್ಳಿ.”

ಡಾಕ್ಟ್ರಮ್ಮ ಗೇರು ಹಾಕಿದರು. ಜೀಪು ಕಲ್ಲುದಾರಿಗೆ ಇಳಿದು, ಮೈ ಕುಲುಕಿಸಿಕೊಂಡು, ತಿರುವಿನಲ್ಲಿ ಮರೆಯಾಯಿತು. ಅಕ್ಕ ಅಲ್ಲೇ ನಿಂತು ಇಂಜಿನ್ನಿನ ಸದ್ದು ಕೇಳಿಸುವವರೆಗೂ ಕೇಳಿದಳು.

ಆ ಸಂಜೆ ಜೀಪು ಸುಖವಾಗಿ ಇಳಿದು ಬಂತು. ವಿಂಚನ್ನು ಹಳ್ಳದಲ್ಲಿ ಮತ್ತೆ ಬಳಸಬೇಕಾಯಿತಂತೆ, ಬ್ಯಾಟರಿ ಒಮ್ಮೆಯೂ ಸೋಲಲಿಲ್ಲವಂತೆ. ಡಾಕ್ಟ್ರಮ್ಮ ಇದನ್ನು ಹೇಳಿದ್ದು ಓರಗಿತ್ತಿಗೆ, ಅಂಗಳದಲ್ಲಿ. ಅಕ್ಕನ ಕೋಣೆಗೆ ಅವರು ಬಹಳ ಕಾಲ ಬರಲಿಲ್ಲ. ಬಾನೆಟ್ ಎತ್ತಿದಾಗ ಮಾತ್ರ, “ಅಕ್ಕಾ, ಬಿಗಿ ನೋಡಿ,” ಎನ್ನುತ್ತಿದ್ದರು. ಅಕ್ಕ ನೋಡುತ್ತಿದ್ದಳು. ಅದಕ್ಕಿಂತ ಹೆಚ್ಚು ಕೇಳುವ ಮುಖ ಅವಳಿಗಿರಲಿಲ್ಲ.

ಕುರುಬರ ಬಾಯಿಂದ ಸುದ್ದಿ ಹರಡಿ, ಕಾಡಿನ ಗಾರ್ಡುಗಳು, ಕ್ವಾರಿಯ ಜೀಪಿನವರು, ಹೊಲದಲ್ಲಿ ಓಡಿಸುವ ಎತ್ತರದ ಗಾಡಿಯವರು ಎಲ್ಲರೂ ಅದೇ ಬ್ಯಾಟರಿ ಕೇಳಿಕೊಂಡು ಬರತೊಡಗಿದರು. ಆರಿಸಿಕೊಡುವವಳು ಓರಗಿತ್ತಿ. ಮೊದಲು ಆಲ್ಟರ್ನೇಟರ್ ಅಳೆಯುತ್ತಾಳೆ, ವಿಂಚು ಇದೆಯೇ ಎಂದು ಕೇಳುತ್ತಾಳೆ, ತಟ್ಟೆಯ ಅಳತೆ ತೆಗೆದುಕೊಳ್ಳುತ್ತಾಳೆ. ಎಷ್ಟೇ ಅವಸರವಿದ್ದರೂ ಕೊನೆಗೆ ಒಂದು ಮಾತು ಹೇಳುತ್ತಾಳೆ. ಮೊನ್ನೆಯೂ ಕ್ವಾರಿಯ ಡ್ರೈವರನೊಬ್ಬ ಹೊರಡಲು ಚಡಪಡಿಸುತ್ತಿದ್ದಾಗ ಅಕ್ಕನಿಗೆ ಕಿಟಕಿಯಿಂದ ಅದು ಕೇಳಿಸಿತು.

“ತಡಿಯಣ್ಣ, ಎಲ್ಲಿಗೆ ಹೊರಟೆ? ಬ್ಯಾಟರಿ ಎಷ್ಟು ಗಟ್ಟಿ ಇದ್ರೂ ಕೂರಿಸಿದ್ದು ಗಟ್ಟಿ ಇರ್ಬೇಕು. ನಮ್ಮಕ್ಕ ಕೈ ಹಾಕದೆ ಇಲ್ಲಿಂದ ಗಾಡಿ ಹೊರಡಲ್ಲ.”

ಒಳಗೆ ನಿಂತಿದ್ದ ಅಕ್ಕನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲವೆಂದಲ್ಲ, ಆಯಿತು; ಆದರೆ ಅದಕ್ಕಿಂತ ಮುಂಚೆ ಹೊಟ್ಟೆಯಲ್ಲಿ ಆ ಹಳೆಯ ಉರಿ ಎದ್ದಿತು. ಇಂಥ ಮಾತನ್ನು ತಾನು ಯಾರ ಬಗ್ಗೆಯೂ ಈವರೆಗೆ ಆಡಿಲ್ಲ. ಮೀಟರು ಹಿಡಿಯುವುದರಲ್ಲಿ, ನಗುವುದರಲ್ಲಿ, ಸ್ಕೂಟರು ಓಡಿಸುವುದರಲ್ಲಿ ಅವಳು ಮುಂದಿದ್ದಾಳೆ, ಸರಿ. ಒಳ್ಳೆಯತನದಲ್ಲೂ ಅವಳೇ ಮುಂದೆ ಹೋಗಬೇಕೇ?

ಚಾರ್ಜರಿನ ಗುಂಯ್‌ ಸದ್ದಿನ ನಡುವೆ ಅಕ್ಕ ಕಣ್ಣು ಮುಚ್ಚಿದಳು. ದೇವರೇ, ಈ ಹೊಟ್ಟೆಕಿಚ್ಚು ತೆಗೆದುಬಿಡು ಎಂದು ಕೇಳಲು ಹೊರಟವಳು, ಸುಳ್ಳು ಹೇಳಲಾಗದೆ, ನಿಜವಾಗಿ ಬೇಕಾದದ್ದನ್ನೇ ಕೇಳಿಬಿಟ್ಟಳು: ಅವಳಿಗೂ ನನ್ನ ಮೇಲೆ ಒಂದೇ ಒಂದು ಸಲ ಹೊಟ್ಟೆಕಿಚ್ಚು ಬರುವ ಹಾಗೆ ಮಾಡಪ್ಪ, ತಂದೆ.

ಕೇಳಿದ ಮೇಲೆ ನಾಚಿಕೆಯಾಯಿತು. ಹೊರಗೆ ಡ್ರೈವರು ಹಾರ್ನ್ ಹೊಡೆಯುತ್ತಿದ್ದ. ಅಕ್ಕ ಸುತ್ತಿಗೆ ತೆಗೆದುಕೊಂಡು, “ಬಂದೆ ಕಣಪ್ಪ, ನಿನ್ನ ಕ್ವಾರಿ ಎಲ್ಲಿಗೂ ಓಡಿಹೋಗಲ್ಲ,” ಎನ್ನುತ್ತ ಅಂಗಳಕ್ಕೆ ಹೋದಳು.